ಗಂಡಿಕೋಟದ ಕಮರಿಯಲ್ಲಿ ಡ್ರೋನ್ ಹಾರಿಸಿದ ಬೆಳಗು

ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರಿನ ಕಡೆಯಿಂದ ಆಂಧ್ರಕ್ಕೆ ಇಳಿಯುವ ಉತ್ತರ ಪಿನಾಕಿನಿ ನಮ್ಮಲ್ಲಿ ಹೆಚ್ಚಿನ ಕಾಲ ಮರಳಿನ ಹಾಸಾಗಿಯೇ ಕಾಣುತ್ತದೆ. ಅದೇ ಹೊಳೆ ಪೆನ್ನಾ ಎನಿಸಿಕೊಂಡು ಕಡಪ ಜಿಲ್ಲೆಯ ಜಮ್ಮಲಮಡುಗು ಬಳಿ ಎರ್ರಮಲ ಬೆಟ್ಟಗಳನ್ನು ಸೀಳಿಕೊಂಡು ಹೋಗುತ್ತದೆ. ಆ ಸೀಳಿನ ಅಂಚಿನಲ್ಲಿದೆ ಗಂಡಿಕೋಟ. ಕದಿರಿ, ಪುಲಿವೆಂದುಲ, ಮುದ್ದನೂರು ಮಾರ್ಗವಾಗಿ ಬೆಂಗಳೂರಿನಿಂದ ಸುಮಾರು 280 ಕಿಲೋಮೀಟರ್. ಕಮರಿಯ ಒಳಗೆ ಡ್ರೋನ್ ಇಳಿಸಿ ಬಂಡೆಯ ಪದರಗಳನ್ನು ಚಿತ್ರಿಸಬೇಕೆಂಬ ಆಸೆಯಿಂದ ನಾನು ಮತ್ತು ಅಕ್ಕನ ಮಗಳು ಚಳಿಗಾಲದಲ್ಲಿ ಹೊರಟೆವು.

ಮೊದಲ ಸಂಜೆ ಡ್ರೋನಿನ ಚೀಲ ಕಾರಿನಲ್ಲೇ ಉಳಿಯಿತು. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅನುಮತಿ ಇಲ್ಲದೆ ಅಲ್ಲಿ ಹಾರಿಸುವಂತಿಲ್ಲ, ಹಾರಿಸಲೂಬಾರದು. ಮಾಧವರಾಯ ದೇವಾಲಯದ ಗೋಪುರ, ಜಾಮಿಯಾ ಮಸೀದಿ, ಅದರ ಪಕ್ಕದ ದೊಡ್ಡ ಕಣಜ ಎಲ್ಲವನ್ನೂ ನೋಡಿಕೊಂಡು ಬಂಡೆಗಳ ಮೇಲೆ ಹತ್ತಿಳಿದು ಕಮರಿಯ ಬಾಯಿಗೆ ಬಂದೆವು. ಅಂಚಿಗೆ ಕಂಬಿಯಿಲ್ಲ. ಕೆಳಗೆ ಸುಮಾರು 300 ಅಡಿ ಆಳದಲ್ಲಿ ಹಸಿರು ನೀರು. ನಾವು ಸೂರ್ಯ ಮುಳುಗುವವರೆಗೂ ಅಲ್ಲಿ ಕುಳಿತು ಗಾಳಿಯನ್ನು ಓದಿದೆವು.

ಗಾಳಿ ಕಣ್ಣಿಗೆ ಕಾಣದಿದ್ದರೂ ಹದ್ದುಗಳು ಅದನ್ನು ತೋರಿಸಿಕೊಡುತ್ತವೆ. ಬಿಸಿಲು ಬಿದ್ದ ಗೋಡೆಯ ಪಕ್ಕದಲ್ಲಿ ಹದ್ದೊಂದು ರೆಕ್ಕೆ ಬಡಿಯದೆ ಮೇಲೇರುತ್ತಿತ್ತು. ಅಲ್ಲಿ ಕಾದ ಬಂಡೆಯನ್ನು ಸವರಿಕೊಂಡು ಗಾಳಿ ಏಳುತ್ತಿದೆ ಎಂದರ್ಥ. ಅದೇ ಹದ್ದು ಅಂಚನ್ನು ದಾಟಿ ಬಯಲ ಕಡೆಗೆ ತಿರುಗಿದೊಡನೆ ತಡಬಡಿಸಿ ಬಾಲ ಹೊರಳಿಸಿತು. ಅಂಚಿನ ಹಿಂದೆ ಗಾಳಿ ಸುಳಿಯಾಗಿ ಮಗುಚುತ್ತದೆ. ಕಾಲು ಕೆ.ಜಿ.ಯೂ ಇಲ್ಲದ ನಮ್ಮ ಡ್ರೋನಿಗೆ ಅಂಥ ಸುಳಿ ಸಿಕ್ಕರೆ ಬಂಡೆಗೆ ಬಡಿಯಲು ಕ್ಷಣ ಸಾಕು. ಕಮರಿಯ ಇಕ್ಕಟ್ಟಿನಲ್ಲಿ ಗಾಳಿಯ ವೇಗವೂ ಹೆಚ್ಚುತ್ತದೆ. ಮೇಲೆ ತಂಪಾಗಿ ಬೀಸುವುದು ಒಳಗೆ ರಭಸದ ಹರಿವಾಗಿರಬಹುದು. ಬಂಡೆ ಕಾಯುವ ಮೊದಲೇ, ಬೆಳಗ್ಗೆ ಹಾರಿಸುವುದೆಂದು ಅಲ್ಲೇ ತೀರ್ಮಾನಿಸಿದೆವು.

ಎಲ್ಲಿ ಡ್ರೋನ್ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಅಂದರೆ ಮುಂಗಡ ಅನುಮತಿ ಬೇಡದ ವಲಯವಾಗಿದ್ದ, ಕೋಟೆಯಿಂದಲೂ ಮೈಲವರಂ ಅಣೆಕಟ್ಟಿನಿಂದಲೂ ದೂರವಾದ ಜಾಗವೊಂದನ್ನು ಮೊದಲೇ ಗುರುತು ಹಾಕಿಕೊಂಡಿದ್ದೆವು. ಮರುದಿನ ಅಲ್ಲಿಗೆ ಹೋದಾಗ ಹೊಲದ ಯಜಮಾನರು ಬೇಲಿಯ ಬಳಿಯೇ ಸಿಕ್ಕರು. ನನ್ನ ಅರೆಬರೆ ತೆಲುಗಿನಲ್ಲಿ ಕೇಳಿಕೊಂಡೆ. ಹಾರಿಸಲು ಅಡ್ಡಿಯಿಲ್ಲವೆಂದರು. ಆದರೆ ನಮ್ಮನ್ನು ಅಂಚಿನ ತನಕ ಕರೆದೊಯ್ದು ಎದುರು ಗೋಡೆಯತ್ತ ಕೈ ತೋರಿಸಿದರು. ಚಾಚಿಕೊಂಡ ಬಂಡೆಯ ಅಡಿಯಲ್ಲಿ ಕಪ್ಪಗೆ ನೇತಾಡುತ್ತಿದ್ದವು ಹೆಜ್ಜೇನಿನ ತಟ್ಟಿಗಳು. “ಅದರ ಹತ್ತಿರ ಹೋಗಬೇಡಿ ಅಣ್ಣಾ. ನಿಮ್ಮ ಯಂತ್ರಕ್ಕೇನೂ ಆಗಲಿಕ್ಕಿಲ್ಲ, ಕೆಳಗೆ ನಮ್ಮ ಮೇಕೆ ಕಾಯುವ ಹುಡುಗರಿದ್ದಾರೆ.” ಎಷ್ಟೇ ಓದಿಕೊಂಡು ಹೋದರೂ ಇಂಥ ಮಾತು ಸ್ಥಳದವರಿಂದಲೇ ಸಿಗಬೇಕು. ಆ ಗೋಡೆಯನ್ನು ನಮ್ಮ ಯೋಜನೆಯಿಂದ ಪೂರ್ತಿ ಕೈಬಿಟ್ಟೆವು.

ನಮ್ಮ ಮನೆಗಳಿಗೆ ಬರುವ ಕರಿ ಕಡಪ ಕಲ್ಲಲ್ಲ ಇಲ್ಲಿಯದು. ಕೆಂಪು ಛಾಯೆಯ ಕ್ವಾರ್ಟ್ಜೈಟ್ ಎಂಬ ಗಟ್ಟಿ ಕಲ್ಲು. ಭೂವಿಜ್ಞಾನಿಗಳು ಈ ಶಿಲಾಪದರವನ್ನು ಗಂಡಿಕೋಟ ಕ್ವಾರ್ಟ್ಜೈಟ್ ಎಂದೇ ಕರೆಯುತ್ತಾರೆ. ಇದು ಇಟ್ಟಿಗೆ ಜೋಡಿಸಿದಂತೆ ಚೌಕ ಚೌಕವಾಗಿ ಬಿರಿಯುತ್ತದೆ. ಕೆಳಗಿನ ತುಂಡು ಉದುರಿ ಮೇಲಿನದು ಉಳಿದಾಗ ಬಂಡೆ ಹೊರಕ್ಕೆ ಚಾಚಿ ನಿಲ್ಲುತ್ತದೆ. ಚಿತ್ರಕ್ಕೆ ಅದೇ ಚೆಲುವು, ಡ್ರೋನಿಗೆ ಅದೇ ಅಪಾಯ. ಸಂಪರ್ಕ ಕಡಿದರೆ ಅಥವಾ ಬ್ಯಾಟರಿ ಇಳಿದರೆ ‘ರಿಟರ್ನ್ ಟು ಹೋಮ್’ ವ್ಯವಸ್ಥೆ ಡ್ರೋನನ್ನು ನಿಗದಿತ ಎತ್ತರಕ್ಕೆ ನೇರವಾಗಿ ಏರಿಸಿ, ಅಲ್ಲಿಂದ ಹೊರಟ ಜಾಗಕ್ಕೆ ತರುತ್ತದೆ. ಬಯಲಿನಲ್ಲಿ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ಚಾಚುಬಂಡೆಯ ಅಡಿಯಲ್ಲಿ ಮಾತ್ರ ನೇರವಾಗಿ ಏರುವುದೆಂದರೆ ಕಲ್ಲಿಗೆ ತಲೆ ಕೊಡುವುದೇ. ನನ್ನದೂ ಸೇರಿ ಅನೇಕ ಸಣ್ಣ ಮಾದರಿಗಳಲ್ಲಿ ಮೇಲಿನ ಅಡೆತಡೆ ಗುರುತಿಸುವ ಸಂವೇದಕವೇ ಇರುವುದಿಲ್ಲ. ಹಾಗಾಗಿ ಕಮರಿಯ ನಡುಮಧ್ಯೆ, ತೆರೆದ ಆಕಾಶದ ಕೆಳಗಷ್ಟೇ ಹಾರಾಟ ಎಂದು ನಿಶ್ಚಯಿಸಿ, ಮರಳುವ ಎತ್ತರವನ್ನು ಅಂಚಿನ ಮರಗಳಿಗಿಂತ ಮೇಲೆ ಇಟ್ಟೆ. ನೆತ್ತಿ ಮುಚ್ಚಿದಂಥ ಕಿರಿದಾದ ಕಂದರವಾಗಿದ್ದರೆ ಸಂಪರ್ಕ ಕಡಿದಾಗ ಇದ್ದಲ್ಲೇ ನಿಲ್ಲುವ ಆಯ್ಕೆಯನ್ನು ಕೊಡುತ್ತಿದ್ದೆ.

ಅಂಚಿನಿಂದ ಸಾಕಷ್ಟು ಹಿಂದೆ ಮಟ್ಟಸವಾದ ಬಂಡೆಯೊಂದರಿಂದ ಡ್ರೋನ್ ಎಬ್ಬಿಸಿದೆವು. ಉಪಗ್ರಹಗಳ ಸಂಕೇತ ಗಟ್ಟಿಯಾಗಿ, ಹೊರಟ ಜಾಗ ದಾಖಲಾಯಿತೆಂಬ ಸೂಚನೆ ಬರುವವರೆಗೂ ಕೈ ಕಟ್ಟಿ ಕಾಯಬೇಕು. ಕಮರಿಯ ತಳದಿಂದ ಹಾರಿಸುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಎರಡೂ ಗೋಡೆಗಳು ಆಕಾಶವನ್ನು ಮುಚ್ಚಿ ಜಿಪಿಎಸ್ ದುರ್ಬಲವಾಗುತ್ತದೆ, ಬಂಡೆಗೆ ತಾಗಿ ಬರುವ ಸಂಕೇತದಿಂದ ಡ್ರೋನ್ ತಾನಿರುವ ಜಾಗವನ್ನೇ ತಪ್ಪು ತಿಳಿಯುತ್ತದೆ. ಜಿಪಿಎಸ್ ಪೂರ್ತಿ ಕೈಕೊಟ್ಟರೆ ಗಾಳಿ ತಳ್ಳಿದತ್ತ ಜಾರತೊಡಗುತ್ತದೆ.

ಅಕ್ಕನ ಮಗಳ ಕೆಲಸ ಪರದೆ ನೋಡದೆ ಡ್ರೋನನ್ನಷ್ಟೇ ನೋಡುವುದು. ಪರದೆಯ ಮೇಲೆ ಗೋಡೆ ಎಷ್ಟು ದೂರವೆಂದು ತಿಳಿಯುವುದಿಲ್ಲ. ಅಗಲ ನೋಟದ ಮಸೂರ ಹತ್ತಿರದ ಬಂಡೆಯನ್ನೂ ದೂರ ತಳ್ಳಿ ತೋರಿಸುತ್ತದೆ. ಡ್ರೋನ್ ಅಂಚು ದಾಟಿ ಇಳಿಯತೊಡಗಿದಂತೆ ಎತ್ತರದ ಅಂಕಿ ಸೊನ್ನೆಗೆ ಬಂದು, ಬಳಿಕ ಮೈನಸ್ ಹತ್ತು, ಮೈನಸ್ ಇಪ್ಪತ್ತು ಎಂದು ತೋರಿಸಿತು. ಎತ್ತರದ ಲೆಕ್ಕವೆಲ್ಲ ಹೊರಟ ಬಂಡೆಯಿಂದಲೇ. ನೇರ ಕೆಳಕ್ಕೆ ಬೇಗ ಇಳಿಸಿದರೆ ರೆಕ್ಕೆಗಳು ತಾವೇ ಕದಡಿದ ಗಾಳಿಯಲ್ಲಿ ಸಿಕ್ಕಿ ತೂಗಾಡುತ್ತವೆ, ಅದಕ್ಕಾಗಿ ಮುಂದೆ ಸಾಗಿಸುತ್ತಲೇ ನಿಧಾನವಾಗಿ ಇಳಿಸಿದೆ. “ಮಾಮ, ಬಲಗೋಡೆ ಹತ್ತಿರವಾಯಿತು” ಎಂದಳು. ಪರದೆಯಲ್ಲಿ ನನಗೆ ಇನ್ನೂ ಬೇಕಾದಷ್ಟು ಜಾಗ ಕಾಣುತ್ತಿತ್ತು. ನಿಲ್ಲಿಸಿ ಕಣ್ಣೆತ್ತಿ ನೋಡಿದರೆ ಅವಳ ಮಾತೇ ಸರಿ. ಎಡಕ್ಕೆ ಸರಿಸಿದೆ.

ನೀರಿನ ಸಮೀಪಕ್ಕೆ ಇಳಿಸುವ ಆಸೆಯನ್ನು ತಡೆದುಕೊಂಡೆ. ಹೊಟ್ಟೆಯಡಿಯ ಕ್ಯಾಮೆರಾಗಳು ನೆಲದ ಗುರುತುಗಳನ್ನು ಹಿಡಿದುಕೊಂಡು ಡ್ರೋನನ್ನು ಸ್ಥಿರವಾಗಿಡುತ್ತವೆ. ಅಲುಗಾಡುವ, ಹೊಳೆಯುವ ನೀರಿನ ಮೇಲೆ ಆ ಗುರುತುಗಳು ಸಿಗುವುದಿಲ್ಲ. ತೀರಾ ಕೆಳಗೆ ಹೋದರೆ ಗೋಡೆ ನಮಗೂ ಡ್ರೋನಿಗೂ ನಡುವೆ ಬಂದು ಸಂಪರ್ಕವೂ ಕಡಿಯುತ್ತದೆ. ಕಣ್ಣಿಗೆ ಕಾಣುವಷ್ಟೇ ದೂರ ಎಂಬುದು ಕಾನೂನು. ಕಮರಿಯಲ್ಲಿ ರೇಡಿಯೋ ಅಲೆಯ ನಿಯಮವೂ ಹೆಚ್ಚು ಕಡಿಮೆ ಅದೇ. ಬ್ಯಾಟರಿ ಅರ್ಧಕ್ಕೆ ಬರುವ ಮೊದಲೇ ತಿರುಗಿಸಿದೆ, ಏಕೆಂದರೆ ಇಲ್ಲಿ ಮರಳುವ ದಾರಿ ಏರುದಾರಿ, ಹೆಚ್ಚು ಶಕ್ತಿ ಬೇಡುತ್ತದೆ.

ಸಿಕ್ಕಿದ ಚಿತ್ರಗಳು ಮನ ತುಂಬಿದವು. ಪದರದ ಮೇಲೆ ಪದರ, ನಡುನಡುವೆ ಸಂದಿಯಲ್ಲಿ ಬೇರೂರಿದ ಗಿಡ, ಬೆಳಕು ಗೋಡೆಯ ಮೇಲಂಚಿನಿಂದ ಕೆಳಗಿಳಿಯುವ ಬಗೆ.

ಮತ್ತೊಮ್ಮೆ ಹಾರಿಸಿದಾಗ ಹದ್ದೊಂದು ಸುತ್ತಲು ಬಂತು. ಡ್ರೋನನ್ನು ಗೋಡೆಯಿಂದ ದೂರಕ್ಕೆ ಸರಿಸಿ, ಎತ್ತರಕ್ಕೆ ಏರಿಸಿ ಮರಳಿಸಿದೆ. ಹದ್ದುಗಳು ಸಾಮಾನ್ಯವಾಗಿ ಮೇಲಿನಿಂದ ಎರಗುತ್ತವೆ. ಬಂಡೆಯಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಆ ಆಕಾಶ ಅವುಗಳದೇ. ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಧಾಮವೆಂದು ಘೋಷಿತವಾದ ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಡ್ರೋನ್ ಹಾರಿಸುವ ಯೋಚನೆಯನ್ನೂ ಯಾರೂ ಮಾಡಬಾರದು.

ಹತ್ತು ಗಂಟೆಯ ಹೊತ್ತಿಗೆ ಹುಲ್ಲು ಬಾಗತೊಡಗಿತು, ಗಾಳಿ ಎದ್ದಿತ್ತು. ತುಂಬಿದ ಬ್ಯಾಟರಿ ಇನ್ನೂ ಉಳಿದಿದ್ದರೂ ಡ್ರೋನನ್ನು ಮಡಚಿಟ್ಟೆವು. ಕಡಪದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬ್ಯಾಟರಿ ಬಿಡುವುದು ಅಪಾಯವಾದ್ದರಿಂದ ಅವನ್ನು ಕೈಚೀಲದಲ್ಲೇ ಹೊತ್ತುಕೊಂಡು ಬೇಲಂ ಗುಹೆಗಳ ಕಡೆಗೆ ಹೊರಟೆವು. ಕೋಟೆಯೊಳಗಿನಿಂದ ಕಮರಿಯನ್ನು ಚಿತ್ರಿಸಲು ಪುರಾತತ್ವ ಇಲಾಖೆಗೆ ಅರ್ಜಿ ಬರೆಯುವ ಕೆಲಸವನ್ನು ಅಕ್ಕನ ಮಗಳು ದಾರಿಯಲ್ಲೇ ಶುರು ಮಾಡಿದಳು.