ಏಣಿ ಮೇಲೆ ನಿಮ್ ಜಾಗ ಎಲ್ಲಿ ಅಂತ ಕೇಳಿದ್ರೆ

ದುಡ್ಡಿಲ್ದೆ ಇರೋದು ಒಂದು ಕಷ್ಟ, ನಾಲ್ಕು ಜನರ ಎದ್ರು ತಾನು ಕೆಳಗಿದೀನಿ ಅಂತ ಅನ್ನಿಸ್ತಾನೇ ಇರೋದು ಇನ್ನೊಂದು ಕಷ್ಟ. ಎರಡೂ ಒಂದೇ ಅಂತ ಅಂದ್ಕೊಂಡಿರ್ತೀವಿ, ಆದ್ರೆ ಒಂದೇ ಅಲ್ಲ ಮಾರಾಯ್ರೆ. ಅಮೆರಿಕದಲ್ಲಿ ನ್ಯಾನ್ಸಿ ಆಡ್ಲರ್ ಅಂತ ಒಬ್ರು ಸೈಕಾಲಜಿಸ್ಟ್ ಮತ್ತೆ ಅವರ ಜೊತೆಗಾರರು 2000ದಲ್ಲಿ ಇದನ್ನ ಅಳೆದು ತೋರಿಸಿದ್ರು, ಹೆಂಗೆ ಅಂದ್ರೆ ಹತ್ತು ಮೆಟ್ಲಿನ ಏಣಿ ಚಿತ್ರ ಕೊಡೋದು, ತುದೀಲಿ ದುಡ್ಡು, ಓದು, ಒಳ್ಳೆ ಕೆಲಸ ಇರೋರು, ಬುಡದಲ್ಲಿ ಅದ್ಯಾವ್ದೂ ಇಲ್ದೋರು, ಈಗ ನೀವೆಲ್ಲಿದೀರ ಗುರುತು ಹಾಕಿ ಅನ್ನೋದು. ಅಷ್ಟೇ. ಆ ಒಂದು ಗುರುತಿಗೂ ನಿದ್ದೆ, ಟೆನ್ಷನ್ನು, ಮನಸ್ಸಿನ ಬೇಜಾರಿಗೂ ಸಂಬಂಧ ಕಾಣ್ತು, ಸಂಬಳದ ಲೆಕ್ಕ ಬದಿಗಿಟ್ಟು ನೋಡಿದ್ರೂ.

ಅದೇ ಏಣಿನ ಆಮೇಲೆ ಲ್ಯಾಟಿನೋ ಜನಕ್ಕೂ, ಅಂದ್ರೆ ಮೆಕ್ಸಿಕೋ, ಗ್ವಾಟೆಮಾಲಾ ಥರದ ದೇಶಗಳ ಕಡೆಯಿಂದ ಅಮೆರಿಕಕ್ಕೆ ಹೋದೋರಿಗೂ ಕೊಟ್ಟು ನೋಡಿದಾರೆ. ಈ ಜನರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ರಾಬೆರಿ ಕೊಯ್ಯೋರು, ಹೋಟ್ಲಲ್ಲಿ ಪಾತ್ರೆ ತೊಳೆಯೋರು ಇದಾರೆ, ಎಷ್ಟೋ ಜನಕ್ಕೆ ಇನ್ಶೂರೆನ್ಸೂ ಇಲ್ಲ, ಆ ದೇಶದಲ್ಲಿರೋಕೆ ಪೇಪರ್ರೂ ಇಲ್ಲ. ಅವರಲ್ಲೂ ಕೆಳಗಿನ ಮೆಟ್ಲಿಗೆ ಗುರುತು ಹಾಕಿದೋರಲ್ಲಿ ಖಿನ್ನತೆ ಲಕ್ಷಣ ಜಾಸ್ತಿ. ಖಿನ್ನತೆ ಇರೋನು ತನ್ನನ್ನ ಕೆಳಗೇ ಹಾಕ್ಕೊಳ್ತಾನಲ್ಲ, ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡೂ ಕಡೆಯಿಂದ ಎಳೆಯತ್ತೆ ಅಂತ ನನ್ನ ಅಂದಾಜು.

ನನಗೆ ಹಿಡಿಸಿದ್ದು ಆ ಏಣೀಲಿ ಎರಡು ನಮೂನೆ ಇರೋದು. ಒಂದು ಇಡೀ ದೇಶದ್ದು, ಇನ್ನೊಂದು ನಿಮ್ಮವರು ಅಂತ ನೀವು ಯಾರನ್ನ ಅಂದ್ಕೊಂಡಿದೀರೋ ಅವ್ರ ನಡುವಿಂದು. ಅಮೆರಿಕದ ಏಣೀಲಿ ಬುಡದಲ್ಲಿರೋ ಮನುಷ್ಯ ತನ್ನೂರಿಗೆ ಡಾಲರ್ ಕಳಿಸಿ ಮನೆ ಕಟ್ಟಿಸಿದ್ರೆ ಅಲ್ಲಿ ಅವನೇ ದೊಡ್ಡೋನು. ನಮ್ಮ ತೋಟಗಳಿಗೆ ಅಸ್ಸಾಂ, ಬಿಹಾರದಿಂದ ಬರೋ ಹುಡುಗ್ರದ್ದೂ ಹಿಂಗೇ, ಇಲ್ಲಿ ಅವರ ಹೆಸ್ರು ಯಾರಿಗೂ ಗೊತ್ತಿಲ್ಲ, ಎಲ್ರೂ 'ಭಯ್ಯಾ'.

ನಮ್ ಮಲೆನಾಡಲ್ಲಿ ಏಣಿ ಚಿತ್ರ ಬೇಕಾಗೇ ಇಲ್ಲ ಅನ್ಸತ್ತೆ. ಅಂಗಳದಲ್ಲಿ ನಿಲ್ಲೋರು, ಜಗಲಿ ಮೇಲೆ ಕೂರೋರು, ಒಳಗೆ ಬಂದು ಊಟಕ್ಕೆ ಕೂರೋರು, ಮನೇನೇ ಹಂಗೆ ಕಟ್ಟಿದಾರೆ. ಅಡಿಕೆ ಕೊಯ್ಲಲ್ಲಿ ಮರ ಹತ್ತಿ ಕೊನೆ ಇಳಿಸೋ ಕೊನೆಗಾರನಿಗೆ ದಿನಾ ಫೋನು, "ಬಾರೋ ಮಾರಾಯ, ನೀ ಬರ್ದಿದ್ರೆ ತೋಟ ಹಂಗೇ ಉಳಿಯತ್ತೆ" ಅಂತ, ಈಗ ಕೂಲಿನೂ ಮುಂಚಿನಂಗಿಲ್ಲ, ಚೆನ್ನಾಗೇ ಸಿಗತ್ತೆ, ಅಷ್ಟಾದ್ರೂ ಎಷ್ಟೋ ಮನೇಲಿ ಅವನ ಕಾಫಿ ಲೋಟ ಇವತ್ತಿಗೂ ಬೇರೆ. ಜಾತಿ ವಿಷಯ ತೆಗೆದ್ರೆ "ಈಗೆಲ್ಲಿದೆ ಅದೆಲ್ಲ" ಅಂತಾರೆ. ಲೋಟ ತೊಳೆದಿಡೋನಿಗೆ ಗೊತ್ತಿರತ್ತೆ ಎಲ್ಲಿದೆ ಅಂತ.

ಮುಳುಗಡೆಯೋರದ್ದು ಇನ್ನೊಂದು ಥರ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಡ್ಯಾಮ್ ಆಗಿದ್ದು 1964ರಲ್ಲಿ, ಊರು ಮುಳುಗ್ತು, ಗದ್ದೆ ತೋಟ ಇಟ್ಕೊಂಡು ಬಂದೋರಿಗೆಲ್ಲ ಊಟ ಹಾಕ್ತಿದ್ದ ಮನೆಯೋರು ಸಾಮಾನು ಕಟ್ಕೊಂಡು ಕಾಡಂಚಿಗೆ ಬಂದ್ರು, ಅವರ ಮಕ್ಕಳು ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅರ್ಜಿ ಹಿಡ್ಕೊಂಡು ಆಫೀಸು ಸುತ್ತುತಿದಾರೆ. ಹುಟ್ಟಾ ಬಡವರಾದೋರಿಗಿಂತ ಒಂದೇ ಮಳೆಗಾಲದಲ್ಲಿ ಕೆಳಗಿಳಿದೋರ ಸಂಕಟ ಬೇರೆ. ಅದನ್ನ ಯಾರೂ ಕಾಯಿಲೆ ಅಂತ ಬರ್ಕೊಂಡಿಲ್ಲ.

ನಾನು ಮೆಡಿಕಲ್ ಶಾಪ್ ನಡೆಸೋನು. ಕೌಂಟರ್ ಈಚೆ ನಿಂತ್ರೆ ಇದೆಲ್ಲ ಬೇರೆ ವೇಷದಲ್ಲಿ ಬರತ್ತೆ: ಗ್ಯಾಸ್ಟ್ರಿಕ್, ತಲೆನೋವು, ಮೈಕೈ ನೋವು, "ಅಣ್ಣ, ನಿದ್ದೆ ಬರೋದಕ್ಕೆ ಎಂತಾದ್ರು ಕೊಡಿ". ಚೀಟಿ ಇಲ್ದೆ ಅದನ್ನ ಕೊಡಕ್ಕಾಗಲ್ಲಕ್ಕ ಅಂದ್ರೆ ಗ್ಯಾಸ್ ಮಾತ್ರೆ ತಗೊಂಡು ಹೋಗ್ತಾರೆ. ಸಂಘದ ಕಂತು ಕಟ್ಟೋ ದಿನ ಹತ್ರ ಬಂದ್ರೆ ಹೆಂಗಸ್ರು ಜಾಸ್ತಿ. ಒಬ್ರು ಕಟ್ಟಿಲ್ಲ ಅಂದ್ರೆ ಗುಂಪಿನೋರೆಲ್ಲ ಕಾಯ್ಬೇಕಲ್ಲ, ಸಾಲಕ್ಕಿಂತ ಅವ್ರೆಲ್ಲರ ಮುಖ ನೋಡೋದು ಕಷ್ಟ. 2025ರಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಸರ್ಕಾರ ಕಾನೂನು ತಂತು, ಸರಿ, ಆದ್ರೆ ಅಕ್ಕಪಕ್ಕದ ಮನೆಯೋರ ನೋಟಕ್ಕೆ ಎಂತ ಕಾನೂನು ಮಾಡೋದು. ಇನ್ನು ಮನೋರೋಗದ ಡಾಕ್ಟ್ರ ಚೀಟಿ ಇರೋರು ನನ್ನ ಅಂಗಡಿಗೆ ಬರೋದೇ ಇಲ್ಲ, ಬಸ್ ಹತ್ತಿ ಗುರ್ತಿಲ್ದಿರೋ ಊರಲ್ಲಿ ಮಾತ್ರೆ ತಗೊಂಡು ಬರ್ತಾರೆ.

ಲ್ಯಾಟಿನೋ ಕೇರಿಗಳಲ್ಲಿ ಪ್ರೊಮೊತೋರಾ ಅಂತ ಇದಾರೆ, ಅಲ್ಲಿನವರೇ ಹೆಂಗಸ್ರು, ಸ್ಪ್ಯಾನಿಷಲ್ಲೇ ಮಾತಾಡ್ತಾ ಮನೆಮನೆಗೆ ಹೋಗಿ ಆರೋಗ್ಯ ವಿಚಾರಿಸ್ತಾರೆ, ನಮ್ ಆಶಾ ಅಕ್ಕಂದಿರ ಥರಾನೇ. ಖಿನ್ನತೆ ಇದೆಯಾ ಅಂತ ಅಂದಾಜು ಮಾಡೋಕೆ ಪಿಎಚ್‌ಕ್ಯೂ-9 ಅಂತ ಒಂಬತ್ತೇ ಪ್ರಶ್ನೆ ಇದೆ, ಒಟ್ಟು 27 ಅಂಕ, 10 ಮುಟ್ಟಿದ್ರೆ ಡಾಕ್ಟ್ರ ಹತ್ರ ಹೋಗೋದು ಒಳ್ಳೇದು. ಬಿಳಿ ಕೋಟಿನೋರು ಕೇಳಿದ್ರೆ "ಚೆನ್ನಾಗಿದೀನಿ ಸಾರ್" ಅಂತಾರೆ, ಅದೇ ಪಕ್ಕದ ಮನೆ ಅಕ್ಕ ಬಾಳೆ ಎಲೆ ಕೊಯ್ಯೋಕೆ ಬಂದೋಳು ಕೇಳಿದ್ರೆ ಬಾಯಿ ಬಿಡ್ತಾರೆ. ಆಶಾದೋರಿಗೆ ಈಗಿರೋ ಕೆಲಸಕ್ಕೇ ಸರಿಯಾಗಿ ದುಡ್ಡು ಕೊಡಲ್ಲ, ಇದನ್ನೂ ಅವರ ತಲೆಗೆ ಕಟ್ಟಿ ಅಂತ ಹೇಳೋಕೆ ನನಗೆ ಮನಸ್ಸಿಲ್ಲ, ದುಡ್ಡು ಕೊಟ್ಟು ಕಟ್ಟಿ.

ನಮ್ಮಲ್ಲಿ ಮನೋಚೈತನ್ಯ ಅಂತ ತಾಲೂಕು ಆಸ್ಪತ್ರೇಲಿ ಮಂಗಳವಾರ ಮನಸ್ಸಿನ ಡಾಕ್ಟ್ರು ಸಿಗೋ ವ್ಯವಸ್ಥೆ ಮಾಡಿದಾರೆ, ಒಳ್ಳೆ ಕೆಲಸ, ಆದ್ರೆ ಮಂಗಳವಾರ ಆ ಬಾಗ್ಲಲ್ಲಿ ಕೂತೋರು ಯಾರು ಅಂತ ಊರಿಗೆಲ್ಲ ಗೊತ್ತಾಗತ್ತೆ ಅಂತ ಹೋಗೋಕೆ ಹೆದರ್ತಾರೆ. ಫೋನಲ್ಲಾದ್ರೆ ಟೆಲಿ ಮಾನಸ್ ಅಂತ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ, ದುಡ್ಡಿಲ್ಲ. ನಂಬರ್ ಬರೆದು ಅಂಗಡಿಗೆ ಅಂಟಿಸಿದೀನಿ. ತೊಂದ್ರೆ ಎಂತ ಅಂದ್ರೆ ಘಟ್ಟದ ಅಂಚಿನ ಎಷ್ಟೋ ಊರಲ್ಲಿ ಗುಡ್ಡ ಹತ್ತಿದ್ರೆ ಮಾತ್ರ ನೆಟ್‌ವರ್ಕು, ಹತ್ತಿ ಹೋದ್ರೆ ಅಲ್ಲಿ ಅರ್ಧ ಊರೇ ಫೋನ್ ಹಿಡ್ಕೊಂಡು ನಿಂತಿರತ್ತೆ.