ಕಾಓರ್‌ನ ಕಪ್ಪು ವೈನ್: ಊಟದ ಹೊತ್ತಿಗೆ ತಲುಪಬೇಕಾದ ಊರು

ಫ್ರಾನ್ಸಿನ ನೈರುತ್ಯದಲ್ಲಿ, ಲಾಟ್ ನದಿಯ ತಿರುವಿನಲ್ಲಿರುವ ಕಾಓರ್‌ಗೆ ವೈನ್ ಸವಿಯಲು ಹೊರಡುವವರು ತಮ್ಮ ದಿನಚರಿಯನ್ನು ಊಟದ ವೇಳೆಗೆ ಹೊಂದಿಸಿಕೊಳ್ಳಬೇಕೆಂಬುದು ನನ್ನ ಮೊದಲ ಸಲಹೆ. ಇಲ್ಲಿನ ಕೆಂಪು ವೈನ್‌ನಲ್ಲಿ ಕನಿಷ್ಠ ಶೇ. 70ರಷ್ಟು ಮಾಲ್ಬೆಕ್ ದ್ರಾಕ್ಷಿ ಇರಲೇಬೇಕು. ಉಳಿದದ್ದು ಮೆರ್ಲೋ ಅಥವಾ ತನ್ನಾ. ಗಾಢ ಬಣ್ಣದಿಂದಾಗಿ 'ಕಪ್ಪು ವೈನ್' ಎಂದೇ ಹೆಸರಾದ ಇದನ್ನು ಬರಿದೇ ಗುಟುಕರಿಸಿದರೆ ಅದರ ಒಗರು ನಾಲಿಗೆಯನ್ನು ಹಿಡಿದುಬಿಡುತ್ತದೆ. ಕೊಬ್ಬು ಮತ್ತು ಪ್ರೋಟೀನ್ ಇರುವ ಆಹಾರದ ಜೊತೆ ಆ ಒಗರು ಮೆತ್ತಗಾಗಿ, ಹಣ್ಣಿನ ರುಚಿ ಮೇಲೆದ್ದು ಬರುತ್ತದೆ.

ತೂಲೂಸ್‌ನ ಮತಾಬಿಯೋ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಬುಧವಾರ ಅಥವಾ ಶನಿವಾರ ಬೆಳಗ್ಗೆ ತಲುಪಿದರೆ ಸಂತ ಎತಿಯೆನ್ ಕೆಥೆಡ್ರಲ್ ಎದುರಿನ ಸಂತೆ ಸಿಗುತ್ತದೆ. ನಾವು ಹೋದ ಶರತ್ಕಾಲದಲ್ಲಿ ಅಲ್ಲಿ ಹೊಸ ಅಕ್ರೋಟು, ಸೆಪ್ ಅಣಬೆ, ಆಡಿನ ಹಾಲಿನ ಪುಟ್ಟ ರೊಕಮದೂರ್ ಚೀಸ್ ತುಂಬಿದ್ದವು. ಹದಿನಾಲ್ಕನೆಯ ಶತಮಾನದ ವಾಲಂತ್ರೆ ಸೇತುವೆಯನ್ನು ಸಂಜೆಗೆ ಇಟ್ಟುಕೊಳ್ಳಬಹುದು. ಊಟಕ್ಕೆ ಮಾತ್ರ ತಡಮಾಡಬಾರದು, ಏಕೆಂದರೆ ಅಲ್ಲಿನ ಬಹುತೇಕ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡರ ಹೊತ್ತಿಗೆ ಮುಚ್ಚುತ್ತದೆ.

ಮಾಂಸಾಹಾರಿಗಳು ಬಾತುಕೋಳಿಯ ಕಾನ್ಫಿಯನ್ನೇ ಮೊದಲು ಕೇಳಲಿ. ಬಾತಿನ ಕೊಬ್ಬಿನಲ್ಲೇ ನಿಧಾನವಾಗಿ ಬೆಂದು, ಆಮೇಲೆ ಚರ್ಮ ಗರಿಯಾಗುವಂತೆ ಹುರಿದ ಆ ತೊಡೆಯ ಜೊತೆಗೆ ಕಾಓರ್ ವೈನ್‌ನಷ್ಟು ಒಪ್ಪುವ ಇನ್ನೊಂದನ್ನು ನಾನು ಕಂಡಿಲ್ಲ. ಕಾಓರ್ ಸುತ್ತಲಿನ ಕೆರ್ಸಿ ಸೀಮೆಯ ಕುರಿಮರಿ ಮಾಂಸವೂ ಚೆನ್ನ. ಮೀನಿಗೆ ಈ ವೈನ್ ಬೇಡ. ಸೂಪಿನ ಕೊನೆಯ ಗುಟುಕುಗಳಿಗೆ ಕೆಂಪು ವೈನ್ ಬೆರೆಸಿ ಬಟ್ಟಲೆತ್ತಿ ಕುಡಿಯುವ 'ಶಾಬ್ರೋ' ಎಂಬ ಹಳೆಯ ರೂಢಿಯೂ ಈ ಸೀಮೆಯಲ್ಲಿದೆ.

ನಮ್ಮ ಕಡೆಯ ಸಸ್ಯಾಹಾರಿಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: ಹುರಿದ ಆಲೂಗಡ್ಡೆಗೂ ಬಾತಿನ ಕೊಬ್ಬನ್ನೇ ಬಳಸುವುದುಂಟು, ಅಕ್ರೋಟಿನ ಸಲಾಡ್‌ನಲ್ಲಿ ಬಾತಿನ ಮಾಂಸ ಸೇರಿರಬಹುದು, ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹೆಚ್ಚಿನವಕ್ಕೆ ಹಾಲು ಒಡೆಯಲು ಪ್ರಾಣಿಜನ್ಯ ರೆನೆಟ್ ಹಾಕುತ್ತಾರೆ. 'ಸಾಂ ಗ್ರೆಸ್ ದ ಕನಾರ್', ಅಂದರೆ ಬಾತಿನ ಕೊಬ್ಬಿಲ್ಲದೆ, ಎಂದು ಮೊದಲೇ ಹೇಳಿ, ಬೆಳ್ಳುಳ್ಳಿ ಹಾಕಿ ಬೆಣ್ಣೆಯಲ್ಲಿ ಹುರಿದ ಸೆಪ್ ಅಣಬೆಯನ್ನು ಕೇಳಿಕೊಳ್ಳಿ; ಅದರ ಮಣ್ಣಿನ ಘಮಕ್ಕೂ ಮಾಲ್ಬೆಕ್‌ಗೂ ಸೊಗಸಾದ ಹೊಂದಾಣಿಕೆಯಿದೆ.

ಪುಯಿ ಲೆವೆಕ್ ಎಂಬ ಊರಿನ ಕಡೆಗಿನ ದ್ರಾಕ್ಷಿ ತೋಟಗಳಿಗೆ ಕಾರು ಬೇಕಾಗುತ್ತದೆ. ಚಾಲಕರ ರಕ್ತದಲ್ಲಿ ಮದ್ಯಸಾರದ ಮಿತಿ ಲೀಟರಿಗೆ 0.5 ಗ್ರಾಂ ಆದ್ದರಿಂದ, ರುಚಿ ನೋಡಿ ಉಗುಳಲು ಇಟ್ಟಿರುವ ಪಾತ್ರೆಯನ್ನು ಸಂಕೋಚವಿಲ್ಲದೆ ಬಳಸಿ. ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಕಾಲವಾದ್ದರಿಂದ ಸಣ್ಣ ಉತ್ಪಾದಕರಿಗೆ ಮುಂಚಿತವಾಗಿ ಫೋನ್ ಮಾಡಿಯೇ ಹೋಗಬೇಕು. 1956ರ ಭೀಕರ ಹೆಪ್ಪುಗಟ್ಟಿಸುವ ಚಳಿಯಲ್ಲಿ ಇಲ್ಲಿನ ಬಳ್ಳಿಗಳು ಬಹುಪಾಲು ಸತ್ತುಹೋದವು. ಮತ್ತೆ ನೆಟ್ಟು ಬೆಳೆಸಿದ ಬೆಳೆಗಾರರ ಪಟ್ಟಿನಿಂದ 1971ರಲ್ಲಿ ಕಾಓರ್‌ಗೆ ಅಧಿಕೃತ ಪ್ರಾದೇಶಿಕ ಮಾನ್ಯತೆ ದೊರೆಯಿತು. ನದಿಯ ದಂಡೆಯ ಮೆಟ್ಟಿಲು ನೆಲದ ವೈನ್‌ಗಳು ಸಾಮಾನ್ಯವಾಗಿ ಮೃದುವಾಗಿ, ಬೇಗ ಕುಡಿಯುವಂತಿದ್ದರೆ, ಸುಣ್ಣಕಲ್ಲಿನ ಪ್ರಸ್ಥಭೂಮಿಯವು ಒಗರು ಹೆಚ್ಚಿ ಬಿಗಿಯಾಗಿದ್ದು ಕೆಲವು ವರ್ಷ ಕಾಯುವುದನ್ನು ಬೇಡುತ್ತವೆ.

ಭಾರತಕ್ಕೆ ಮರಳುವಾಗ ವಯಸ್ಕರೊಬ್ಬರು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್, ಅಂದರೆ 750 ಮಿ.ಲೀ.ನ ಎರಡು ಬಾಟಲಿ. ಆದ್ದರಿಂದ ಎರಡೂ ನೆಲಗಳಿಂದ ಒಂದೊಂದನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಸೂಟ್‌ಕೇಸಿನಲ್ಲಿಡಿ. ಬಿಗಿಯಾದದ್ದನ್ನು ಊಟಕ್ಕೆ ಒಂದು ಗಂಟೆ ಮೊದಲೇ ತೆರೆದು ಜಗ್ಗಿಗೆ ಬಗ್ಗಿಸಿಟ್ಟು, 16ರಿಂದ 18 ಡಿಗ್ರಿ ತಂಪಿನಲ್ಲಿ ಬಡಿಸಿ.