ಡ್ಯಾಮೇಜ್ ಪಟ್ಟಿಯನ್ನ ನಾನು ಕೊನೆಗೆ ನೋಡುತ್ತೇನೆ

ಆನ್‌ಲೈನ್ ಆಟದಲ್ಲಿ ಬಾಸ್ (ದೊಡ್ಡ ಶತ್ರು) ಬಿದ್ದ ಮರುಕ್ಷಣವೇ ಯಾರೋ ಒಬ್ಬರು ಚಾಟ್‌ಗೆ ಡ್ಯಾಮೇಜ್ ಮೀಟರ್ ಹಾಕುತ್ತಾರೆ, ಅಂದರೆ ಯಾರು ಎಷ್ಟು ಪೆಟ್ಟು ಕೊಟ್ಟರು ಅನ್ನೋ ಪಟ್ಟಿ. ಮೇಲಿನ ಮೂವರಿಗೆ ಶಭಾಷ್‌ಗಿರಿ. ಕೊನೆಯಲ್ಲಿರುವವರಿಗೆ "ನೀನೇನು ಮಾಡ್ತಿದ್ದೆ?" ಅನ್ನೋ ಪ್ರಶ್ನೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ನಮ್ಮ ಗಿಲ್ಡ್‌ನ (ಆಟಗಾರರ ತಂಡದ) ರೈಡ್, ಅಂದರೆ ಗುಂಪಾಗಿ ಬಾಸ್‌ಗಳ ಮೇಲೆ ಹೋಗುವ ದಾಳಿ, ನಡೆಸುವುದು ನಾನು. ರೈಡ್ ನಡೆಯುವಾಗ ಆ ಪಟ್ಟಿ ಹಾಕಬಾರದು ಅಂತ ನಮ್ಮಲ್ಲಿ ನಿಯಮವಿದೆ. ಲಾಗ್ (ಫೈಟ್‌ನಲ್ಲಿ ನಡೆದದ್ದರ ದಾಖಲೆ) ಓದುವುದು ನನಗೆ ತುಂಬಾ ಇಷ್ಟ, ರೈಡ್ ಮುಗಿದ ಮೇಲೆ ಕೂತು ಓದುತ್ತೇನೆ. ಆದರೆ ಒಂದೇ ಅಂಕಿ ನೋಡಿ ಒಬ್ಬ ಆಟಗಾರನಿಗೆ ಬೆಲೆ ಕಟ್ಟುವುದು ಅನ್ಯಾಯ.

ಒಂದು ಲೆಕ್ಕ ನೋಡಿ. ಫೈಟ್ 6 ನಿಮಿಷದ್ದು. ಒಬ್ಬ ಸೆಕೆಂಡಿಗೆ 1 ಲಕ್ಷದಂತೆ ಹೊಡೆದು, ಸರಿಯಾಗಿ 3 ನಿಮಿಷಕ್ಕೆ ನೆಲದ ಮೇಲಿನ ಬೆಂಕಿಯಲ್ಲಿ ನಿಂತು ಸಾಯುತ್ತಾನೆ. ಇನ್ನೊಬ್ಬಳು 80 ಸಾವಿರದಂತೆ ಕೊನೆತನಕ ಹೊಡೆಯುತ್ತಾಳೆ. ಅವನದ್ದು ಒಟ್ಟು 1.8 ಕೋಟಿ, ಇವಳದ್ದು 2.88 ಕೋಟಿ. ಆದರೆ ಮೀಟರ್ 'ಆ್ಯಕ್ಟಿವ್ ಟೈಮ್' ಲೆಕ್ಕದಲ್ಲಿದ್ದರೆ, ಅಂದರೆ ಹೊಡೆಯುತ್ತಿದ್ದ ಹೊತ್ತಿಗೆ ಮಾತ್ರ ಭಾಗಿಸುತ್ತಿದ್ದರೆ, ಡಿಪಿಎಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಡ್ಯಾಮೇಜ್ ಅನ್ನೋ ಅಂಕಿಯಲ್ಲಿ) ಸತ್ತವನೇ ಮೇಲೆ ಕಾಣುತ್ತಾನೆ. ಇಡೀ ಫೈಟ್‌ನ ಹೊತ್ತಿಗೆ ಭಾಗಿಸಿ, 50 ಸಾವಿರಕ್ಕೆ ಇಳಿಯುತ್ತಾನೆ. ಇಷ್ಟಾದರೂ ಅವನನ್ನ ಉಳಿಸೋಕೆ ಹೀಲರ್ (ಜೊತೆಗಾರರಿಗೆ ಜೀವ ತುಂಬುವವರು) ಪಟ್ಟ ಪಾಡು ಲೆಕ್ಕಕ್ಕೆ ಬಂದಿಲ್ಲ.

ಅದಕ್ಕೇ ನಾನು ಲಾಗ್ ತೆರೆದರೆ ಮೊದಲು ಹೋಗುವುದು ಸಾವುಗಳ ಪಟ್ಟಿಗೆ. ಯಾರು ಸತ್ತರು, ಯಾವಾಗ, ಯಾವುದರಿಂದ. ಆಮೇಲೆ ಇಂಟರಪ್ಟ್‌ಗಳು, ಅಂದರೆ ಶತ್ರುವಿನ ಮಂತ್ರವನ್ನ ಯಾರು ನಡುವೆಯೇ ತಡೆದರು ಅಂತ. ಆಮೇಲೆ, ತಪ್ಪಿಸಿಕೊಳ್ಳಬಹುದಾಗಿದ್ದ ಪೆಟ್ಟನ್ನ ಯಾರು ಎಷ್ಟು ತಿಂದರು ಅಂತ.

ಡ್ಯಾಮೇಜ್‌ಗೆ ಬಂದ ಮೇಲೂ ಅದು ಯಾವುದರ ಮೇಲೆ ಬಿತ್ತು ಅನ್ನುವುದು ಮುಖ್ಯ ಅಲ್ವಾ? ಹೇಗಿದ್ದರೂ ಸಾಯುವ ಸಣ್ಣ ಆ್ಯಡ್‌ಗಳ (ಬಾಸ್ ಜೊತೆ ಬರುವ ಶತ್ರುಗಳ) ಗುಂಪಿಗೆ ಏರಿಯಾ ಸ್ಪೆಲ್ (ಒಂದೇ ಸಲ ಹಲವರಿಗೆ ತಾಗುವ ಮಂತ್ರ) ಸುರಿದರೆ ಅಂಕಿ ಸರಸರನೆ ಏರುತ್ತದೆ. ಇದಕ್ಕೇ ಪ್ಯಾಡಿಂಗ್ ಅನ್ನುವುದು. ಅದೇ ಹೊತ್ತಿಗೆ ನಮ್ಮ ರೋಗ್ ಪಾತ್ರದ ಆಟಗಾರ್ತಿ ಒಬ್ಬಳೇ ದೂರ ಓಡಿ, ಕಾಸ್ಟ್ ಮಾಡುತ್ತಿರುವ (ಮಂತ್ರ ಹಾಕುತ್ತಿರುವ) ಒಂದು ಆ್ಯಡ್ ಅನ್ನ ಮುಗಿಸಿ ಬರುತ್ತಾಳೆ. ಅವಳು ಹೋಗದಿದ್ದರೆ ವೈಪ್, ಅಂದರೆ ಇಡೀ ತಂಡವೇ ಸಾಯುತ್ತದೆ. ಓಡಾಟದಲ್ಲೇ ಅವಳ ಡಿಪಿಎಸ್ ಇಳಿದಿರುತ್ತದೆ. ಆ ಒಂದು ಟಾರ್ಗೆಟ್‌ಗೆ ಮಾತ್ರ ಫಿಲ್ಟರ್ ಹಾಕಿದರೆ ಅವಳ ಹೆಸರು ಮೇಲೆ ಬರುತ್ತದೆ. ನಾನು ಆ ಸ್ಕ್ರೀನ್‌ಶಾಟ್ ತೆಗೆದು ಎಲ್ಲರಿಗೂ ಕಳಿಸುತ್ತೇನೆ.

ಓವರ್‌ವಾಚ್ ಅನ್ನೋ ಶೂಟಿಂಗ್ ಆಟದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ. ಎದುರಿನ ಟ್ಯಾಂಕ್‌ಗೆ (ಪೆಟ್ಟು ತಡೆದುಕೊಳ್ಳುವ ಪಾತ್ರಕ್ಕೆ) ಸುಮ್ನೆ ಗುಂಡು ಸುರಿಯುತ್ತಿದ್ದರೆ ಸ್ಕೋರ್‌ಬೋರ್ಡ್‌ನಲ್ಲಿ ದೊಡ್ಡ ಅಂಕಿ ಬರುತ್ತದೆ. ಅವನು ಸಾಯದೇ ಇದ್ದರೆ, ಅವನನ್ನ ಹೀಲ್ ಮಾಡಿದವರಿಗೆ ಆ ಹೀಲಿಂಗ್‌ನಿಂದಲೇ ಅಲ್ಟಿಮೇಟ್ (ದೊಡ್ಡ ವಿಶೇಷ ಶಕ್ತಿ) ಚಾರ್ಜ್ ಆಗುತ್ತದೆ. ನೀವು ಹೊಡೆದದ್ದು ಎದುರಾಳಿಯ ಕೈಗೆ ಆಯುಧವಾಯಿತು.

ಲಾಗ್‌ಗಳನ್ನ ಹೋಲಿಸಿ ತೋರಿಸುವ ವೆಬ್‌ಸೈಟ್ ವಾರ್‌ಕ್ರಾಫ್ಟ್ ಲಾಗ್ಸ್‌ನ ಬಣ್ಣಗಳ ಬಗ್ಗೆಯೂ ಒಂದು ಮಾತು. ಬೂದು ಬಣ್ಣದಿಂದ ಶುರುವಾಗಿ ಹಸಿರು, ನೀಲಿ, ನೇರಳೆ, ಕಿತ್ತಳೆ ಅಂತ ಮೇಲೇರುತ್ತದೆ. ನೂರರಲ್ಲಿ 95 ಜನರನ್ನ ಹಿಂದೆ ಹಾಕಿದರೆ ಕಿತ್ತಳೆ, ಅದರ ಸಂಭ್ರಮವೇ ಬೇರೆ! ಆದರೆ ಅದು ಅದೇ ಬಾಸ್ ಅನ್ನ ಕೊಂದ, ಅದೇ ಸ್ಪೆಕ್‌ನ (ಪಾತ್ರದ ಅದೇ ಉಪವಿಧದ) ಬೇರೆಯವರ ಪಕ್ಕ ನಿಮ್ಮನ್ನ ನಿಲ್ಲಿಸಿದ ಅಂಕಿ. ಬ್ಲಡ್‌ಲಸ್ಟ್, ಅಂದರೆ ಇಡೀ ತಂಡದ ವೇಗ ಏರಿಸುವ ಮಂತ್ರ, ಇರುವುದು 40 ಸೆಕೆಂಡ್. 4 ನಿಮಿಷದ ಕಿಲ್‌ನಲ್ಲಿ ಆ 40 ಸೆಕೆಂಡ್ ಆರನೇ ಒಂದು ಭಾಗ, 6 ನಿಮಿಷದ್ದರಲ್ಲಿ ಒಂಬತ್ತನೇ ಒಂದು ಭಾಗ. ಬಲವಾದ ಗಿಲ್ಡ್‌ನಲ್ಲಿ ಬಾಸ್ ಬೇಗ ಸಾಯುತ್ತದೆ, ಅದೇ ಕೈಚಳಕಕ್ಕೆ ಅಲ್ಲಿ ಒಳ್ಳೆಯ ಬಣ್ಣ ಸಿಗುತ್ತದೆ. ಬರೀ ಬಣ್ಣ ನೋಡಿ ಗಿಲ್ಡ್‌ಗೆ ಸೇರಿಸಿಕೊಳ್ಳುವವರ ಬಗ್ಗೆ ನನಗೆ ನಿಜವಾಗಿ ಬೇಜಾರಿದೆ.

ನನಗೆ ಜಾಸ್ತಿ ಕಾಳಜಿ ಇರುವುದು ಬೇರೆಯವರ ಅಂಕಿ ಏರಿಸುವವರ ಬಗ್ಗೆ. ಪ್ರೀಸ್ಟ್ ತನ್ನ ಪವರ್ ಇನ್ಫ್ಯೂಷನ್ (ವೇಗ ಹೆಚ್ಚಿಸುವ ಮಂತ್ರ) ಅನ್ನ ಮೇಜ್‌ಗೆ, ಅಂದರೆ ಮಂತ್ರವಾದಿ ಪಾತ್ರಕ್ಕೆ, ಕೊಡುತ್ತಾಳೆ. ಮೇಜ್ ಬೇಗ ಬೇಗ ಕಾಸ್ಟ್ ಮಾಡುತ್ತಾನೆ. ಸಾಮಾನ್ಯ ಮೀಟರ್‌ನಲ್ಲಿ ಆ ಹೆಚ್ಚಿನ ಡ್ಯಾಮೇಜ್ ಪೂರ್ತಿ ಅವನ ಹೆಸರಿಗೆ. 2023ರ ಜುಲೈನಲ್ಲಿ ಆಗ್ಮೆಂಟೇಶನ್ ಇವೋಕರ್ ಅನ್ನೋ ಹೊಸ ಸ್ಪೆಕ್ ಬಂದಾಗ ಈ ಪ್ರಶ್ನೆಯನ್ನ ಯಾರೂ ಪಕ್ಕಕ್ಕಿಡಲು ಆಗಲಿಲ್ಲ. ಆ ಸ್ಪೆಕ್‌ನ ಕೆಲಸವೇ ಜೊತೆಗಾರರ ಬಲ ಹೆಚ್ಚಿಸುವುದು. ಆ ಬಲದಿಂದ ಬಂದ ಡ್ಯಾಮೇಜ್ ಎಷ್ಟು ಅಂತ ಆಟದ ಲಾಗ್‌ನಲ್ಲೇ ಬೇರೆಯಾಗಿ ಬರೆಯುವ ವ್ಯವಸ್ಥೆ ಮಾಡಬೇಕಾಯಿತು. ಫೈನಲ್ ಫ್ಯಾಂಟಸಿ 14 ಆಟದ ಲಾಗ್ ನೋಡುವವರಿಗೆ ಆರ್‌ಡಿಪಿಎಸ್ ಅನ್ನೋ ಲೆಕ್ಕ ಗೊತ್ತಿರುತ್ತದೆ. ಅಲ್ಲಿ ಬಫ್‌ನಿಂದ (ಜೊತೆಗಾರರ ಬಲ ಹೆಚ್ಚಿಸುವ ಮಂತ್ರದಿಂದ) ಹೆಚ್ಚಾದ ಪಾಲನ್ನ ತೆಗೆದು ಬಫ್ ಕೊಟ್ಟವರ ಖಾತೆಗೆ ಹಾಕುತ್ತಾರೆ. ನನಗೆ ತುಂಬಾ ಹಿಡಿಸಿದ ಲೆಕ್ಕ ಅದು. ಆದರೆ ಸರಿಯಾದ ಹೊತ್ತಿಗೆ ಶೀಲ್ಡ್ ಹಾಕಿ ಮೇಜ್‌ನನ್ನ ಬದುಕಿಸಿದ ಹೀಲರ್‌ಗೆ, ಆಮೇಲೆ ಅವನು ಮಾಡಿದ ಡ್ಯಾಮೇಜ್‌ನ ಪಾಲು ಅಲ್ಲೂ ಸಿಗುವುದಿಲ್ಲ. ಅದನ್ನ ಲಾಗ್ ಓದುವವರೇ ಹುಡುಕಿ ಹೇಳಬೇಕು.

ಹೊಸಬರು "ನನ್ನ ಡ್ಯಾಮೇಜ್ ಯಾಕೆ ಕಮ್ಮಿ?" ಅಂತ ಕೇಳಿದರೆ ನಾನು ಗಿಲ್ಡ್‌ನವರ ಜೊತೆ ಹೋಲಿಸುವುದಿಲ್ಲ. ಅದೇ ಸ್ಪೆಕ್, ಹೆಚ್ಚುಕಮ್ಮಿ ಅದೇ ಗೇರ್, ಅಷ್ಟೇ ಉದ್ದದ ಕಿಲ್ ಇರುವ ಒಂದು ಲಾಗ್ ಹುಡುಕಿ ಪಕ್ಕದಲ್ಲಿ ಇಡುತ್ತೇವೆ. ಮೊದಲು ಎಣಿಸುವುದು ಕಾಸ್ಟ್‌ಗಳನ್ನ. ಅವರು 150 ಕಾಸ್ಟ್ ಮಾಡಿ ನೀವು 120 ಮಾಡಿದ್ದರೆ, ಉಳಿದ 30 ಎಲ್ಲಿ ಹೋಯಿತು ಅಂತ ಟೈಮ್‌ಲೈನ್‌ನಲ್ಲಿ ಹುಡುಕಬೇಕು. ಬಹಳ ಸಲ ಉತ್ತರ ಓಡಾಟದಲ್ಲಿ ಸಿಗುತ್ತದೆ. ಎಲ್ಲಿ ನಿಲ್ಲಬೇಕು ಅಂತ ಮುಂಚೆಯೇ ಗೊತ್ತಿಲ್ಲದೆ, ಪ್ರತಿ ಸಲ ಜಾಗ ಹುಡುಕುತ್ತಾ ಕಾಸ್ಟ್ ಬಿಟ್ಟಿರುತ್ತಾರೆ.